ಲೆಫ್ಟ್ ಓಕೆ, ರೈಟ್ ಓಕೆ

ಟಿವಿಯಲ್ಲಿ ಕ್ವಿಜ್ ನೋಡುವ ಜನ ಸ್ಪರ್ಧಿಗಳ ಮುಖ ನೋಡುತ್ತಾರೆ. ನಾನು ಮೂವತ್ತೊಂದು ವರ್ಷ ಅವರ ಕಾಲು ನೋಡಿದವನು. ನನ್ನ ಕೆಲಸ ನಡೆಯುತ್ತಿದ್ದದ್ದೇ ಟೇಬಲ್ಲಿನ ಕೆಳಗೆ. ಯಾರು ಮೊದಲು ಗುಂಡಿ ಒತ್ತಿದರೋ ಅವರ ಬಜರೇ ಕೂಗಬೇಕು, ಅವರ ದೀಪವೇ ಹತ್ತಬೇಕು, ಮಿಕ್ಕವರದ್ದು ತೆಪ್ಪಗಿರಬೇಕು. ಇಷ್ಟಕ್ಕೆ ಒಬ್ಬ ಮನುಷ್ಯ ಬೇಕೇ ಎಂದು ಕೇಳಬೇಡಿ. ಬೇಕು. ಯಶವಂತಪುರದ ಒಂದು ಸೌಂಡ್ ಸರ್ವಿಸಿನಲ್ಲಿ ಆ ಮನುಷ್ಯ ನಾನೇ. ಹೆಸರು ಮುನಿರಾಜು, ಊರು ಅಬ್ಬಿಗೆರೆ, ಈಗಿನ ವಾಸ ಮತ್ತಿಕೆರೆ. ಕಾಲೇಜಿನವರಾಗಲಿ ಟಿವಿಯವರಾಗಲಿ, ಕ್ವಿಜ್ ಇದ್ದರೆ "ಬಜರ್ ಮುನಿರಾಜನ್ನ ಕಳ್ಸಿ" ಎಂದು ಫೋನ್ ಮಾಡುತ್ತಿದ್ದರು.

ಇದನ್ನು ಬರೆಯಲು ಹೇಳಿದವಳು ನಂದಿನಿ. 'ಎದುರುಬದುರು' ಎಂಬ ಹೊಸ ಕ್ವಿಜ್ ಷೋ ಬರಲಿದೆಯಲ್ಲ, ಅದರ ತಯಾರಿಯೆಲ್ಲ ಆ ಹುಡುಗಿಯ ಕೈಯಲ್ಲಿದೆ. "ಅಂಕಲ್, ನಮ್ ಟೀಮಿಗೆ ಹೊಸಬ್ರು ಸೇರಿದಾರೆ. ಬಜರ್ ಅಂದ್ರೆ ಏನೋ ಆ್ಯಪ್ ಅನ್ಕೊಂಡಿದಾರೆ. ನಿಮ್ ಅನುಭವ ಬರೆದ್ಕೊಡಿ, ಓದ್ಲಿ" ಎಂದಳು. ಬಡ್ತಿಯ ವಿಷಯ ಬರೆಯಲು ನನ್ನಲ್ಲಿ ಏನೂ ಇಲ್ಲ. ಟೇಬಲ್ಲಿನ ಕೆಳಗೆ ಕೂತವನು ಮೇಲಕ್ಕೆ ಏರಿದರೆ ತಲೆಗೆ ಹಲಗೆ ಬಡಿಯುತ್ತದೆ ಅಷ್ಟೇ. ನನಗೆ ಬಡಿದಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕಾಲಿನ ಶಾಸ್ತ್ರ. ಹೊಸ ಮಕ್ಕಳೇ, ಬರೆದಿಟ್ಟುಕೊಳ್ಳಿ. ಉತ್ತರ ಗೊತ್ತಿರುವವನು ಚಪ್ಪಲಿ ಕಳಚಿ ಪಾದ ನೆಲಕ್ಕಿಟ್ಟು ಕೂರುತ್ತಾನೆ. ಗೊತ್ತಿಲ್ಲದವನು ಕಾಲು ಹೆಣೆದುಕೊಳ್ಳುತ್ತಾನೆ. ಅರ್ಧಂಬರ್ಧ ಗೊತ್ತಿರುವವನ ಮಂಡಿ ಹೊಲಿಗೆ ಮಿಷನ್ನಿನ ಹಾಗೆ ಕುಣಿಯುತ್ತದೆ. ಮೇಲೆ ಮುಖದಲ್ಲಿ ಎಷ್ಟು ಧೈರ್ಯ ತೋರಿಸಿದರೂ ಕೆಳಗೆ ಕಾಲು ಸುಳ್ಳು ಹೇಳುವುದಿಲ್ಲ. ದೊಡ್ಡ ದೊಡ್ಡ ಆಫೀಸರುಗಳು ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಬಂದದ್ದನ್ನೂ ನೋಡಿದ್ದೇನೆ. ಯಾರಿಗೂ ಹೇಳಿಲ್ಲ. ನಮ್ಮ ವೃತ್ತಿಗೂ ಒಂದು ಮರ್ಯಾದೆ ಇದೆ.

ನಾನು ಸೇರಿದಾಗ ಬಜರೆಂದರೆ ಸೈಕಲ್ ಬೆಲ್ಲು. ನಾಲ್ಕು ಟೀಮಿಗೆ ನಾಲ್ಕು ಬೆಲ್ಲು, ಎಲ್ಲರೂ ಒಟ್ಟಿಗೆ ಹೊಡೆದರೆ ಕಿವಿಯೇ ತೀರ್ಪುಗಾರ. ಒಮ್ಮೆ ಹೆಬ್ಬಾಳದ ಶಾಲೆಯೊಂದರಲ್ಲಿ ಬೆಲ್ಲಿನ ಸದ್ದಿಗೆ ಹೊರಗೆ ಐಸ್‌ಕ್ರೀಂ ಗಾಡಿ ಬಂತೆಂದು ಒಂದನೇ ಕ್ಲಾಸಿನವರೆಲ್ಲ ಎದ್ದು ಓಡಿದರು. ಆಮೇಲೆ ಮನೆಯ ಕಾಲಿಂಗ್ ಬೆಲ್ಲು ಬಂತು, ಜೊತೆಗೊಂದು ಬಲ್ಬು. ಅದಾದ ಮೇಲೆ ನಾನೇ ಒಂದು ಪೆಟ್ಟಿಗೆ ಕಟ್ಟಿದೆ. ಒಬ್ಬರು ಒತ್ತಿದ ಕೂಡಲೇ ಮಿಕ್ಕವರ ವೈರು ತಾನೇ ಬಂದ್ ಆಗಬೇಕು, ಹಾಗೆ. ಆ ಪೆಟ್ಟಿಗೆ ಹದಿನಾಲ್ಕು ವರ್ಷ ದುಡಿಯಿತು. ಅದಕ್ಕೆ ಆಯುಧಪೂಜೆಯಲ್ಲಿ ನನ್ನ ಸ್ಕೂಟರಿಗಿಂತ ದೊಡ್ಡ ಹಾರ ಹಾಕುತ್ತಿದ್ದೆ.

ವೈರಿಲ್ಲದ ಬಜರು ಬಂದಾಗ ಮಾತ್ರ ಮಾನ ಹೋಯಿತು. ಆರ್.ಟಿ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಕ್ವಿಜ್. ಮೂರನೇ ಟೀಮಿನವರು ಬಜರ್ ಒತ್ತಿದಾಗಲೆಲ್ಲ ಎದುರು ಮನೆಯ ರಿಮೋಟ್ ಗೇಟು ತೆರೆಯುತ್ತಿತ್ತು. ಮತ್ತೆ ಒತ್ತಿದರೆ ಮುಚ್ಚುತ್ತಿತ್ತು. ನಮಗೆ ಗೊತ್ತೇ ಇಲ್ಲ! ಮೂರನೇ ಟೀಮಿನವರೋ ಮಹಾ ಬುದ್ಧಿವಂತರು, ಗೇಟಿಗೆ ಬಿಡುವೇ ಕೊಡಲಿಲ್ಲ. ಆ ಮನೆಯ ಯಜಮಾನರು ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಬೀಳ್ಕೊಡುತ್ತಿದ್ದರಂತೆ. ಗೇಟು ತೆರೆಯುತ್ತದೆ, ಕಾರು ಮೂತಿ ತೂರಿಸುತ್ತದೆ, ಗೇಟು ಮುಚ್ಚುತ್ತದೆ. ಕೊನೆಗೆ ಅವರು ಪಂಚೆ ಎತ್ತಿ ಕಟ್ಟಿಕೊಂಡು ನೇರ ಹಾಲಿಗೇ ನುಗ್ಗಿದರು.

"ಯಾರ್ರೀ ಅದು ನಮ್ ಗೇಟ್ ಜೊತೆ ಆಟ ಆಡ್ತಿರೋದು?"

ವೇದಿಕೆಯ ಮೇಲಿದ್ದ ರಾಯರು ತಲೆ ಎತ್ತದೆ ಮೈಕಿನಲ್ಲಿ ಹೇಳಿದರು, "ದಯವಿಟ್ಟು ಉತ್ತರ ಗೊತ್ತಿರುವವರು ಬಜರ್ ಒತ್ತಿ."

ಈ ರಾಯರೇ ನನ್ನ ಕಥೆಯ ಇನ್ನೊಬ್ಬ ಮುಖ್ಯ ಮನುಷ್ಯ. ಪೂರ್ತಿ ಹೆಸರು ಅನಂತಪದ್ಮನಾಭ ರಾವ್, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ನಮ್ಮ ಸರ್ವಿಸು ಎಲ್ಲಿ ಬಜರ್ ಒಯ್ದರೂ ಪ್ರಶ್ನೆ ಕೇಳುವವರು ಅವರೇ. ನನ್ನ ಮಟ್ಟಿಗೆ ಅವರೇ ಮೇಲಧಿಕಾರಿ, ಅದೂ ಅಕ್ಷರಶಃ ಮೇಲೆ ಕೂತಿರುತ್ತಿದ್ದರು. ಸ್ವಚ್ಛ ಕನ್ನಡದ ಮನುಷ್ಯ. ಪ್ರತಿ ಷೋಗೆ ಮುಂಚೆ ನಾನು ಟೇಬಲ್ಲಿನ ಕೆಳಗಿನಿಂದ ಕೈ ಚಾಚಿ ಒಂದೊಂದೇ ಗುಂಡಿ ಒತ್ತಿ ಪರೀಕ್ಷೆ ಮಾಡಬೇಕು.

"ಲೆಫ್ಟ್ ಓಕೆ!" ಎಂದು ನಾನು ಕೂಗುತ್ತಿದ್ದೆ.

"ಒಪ್ಪಿದೆ" ಎಂದು ಮೇಲಿನಿಂದ ರಾಯರು.

"ರೈಟ್ ಓಕೆ!"

"ಒಪ್ಪಿದೆ."

ಓಕೆ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ. ಹೀಗೆ ಮೂವತ್ತೊಂದು ವರ್ಷ, ಒಂದು ಷೋ ತಪ್ಪದಂತೆ. ನಮ್ಮಿಬ್ಬರ ನಡುವೆ ನಡೆದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಇಷ್ಟೇ.

ರಾಯರದ್ದು ಇನ್ನೊಂದು ಕಟ್ಟುಪಾಡು. ಬಾಯಿಂದ ಮೊದಲು ಬಿದ್ದದ್ದೇ ಉತ್ತರ, ತಿದ್ದುವಂತಿಲ್ಲ. ಪಾಪ, ಎಷ್ಟೋ ಹುಡುಗರು "ಅಯ್ಯೋ ಅಲ್ಲ ಸಾರ್, ಅಲ್ಲ ಸಾರ್" ಎಂದು ಗೋಗರೆದರೂ ಕರಗುತ್ತಿರಲಿಲ್ಲ. ರಾಯರ ಕಾಲೂ ನನಗೆ ಬಾಯಿಪಾಠ. ಕೈಯಲ್ಲಿರುವ ಉತ್ತರದ ಚೀಟಿಯ ಮೇಲೆ ಅವರಿಗೇ ಅನುಮಾನ ಬಂದರೆ ಬಲಗಾಲಿನ ಚಪ್ಪಲಿ ಹಿಮ್ಮಡಿಯಿಂದ ಕಳಚಿಕೊಂಡು ಟಪಟಪ ಅನ್ನುತ್ತಿತ್ತು.

ಈಗ ತಲೆಗೆ ಹಲಗೆ ಬಡಿದ ಕಥೆ. ಯಲಹಂಕದ ಒಂದು ಕಾಲೇಜಿನಲ್ಲಿ ಫೈನಲ್. ಬೆಂಗಳೂರಿನ ಎಲ್ಲೆ ತೋರಿಸುವ ನಾಲ್ಕು ಹಳೇ ಗೋಪುರಗಳಲ್ಲಿ ಉತ್ತರದ್ದು ಎಲ್ಲಿದೆ, ಇದು ಪ್ರಶ್ನೆ. ಒಬ್ಬ ಹುಡುಗಿ ಬಜರ್ ಒತ್ತಿ "ಮೇಖ್ರಿ ಸರ್ಕಲ್ ಹತ್ರ" ಎಂದಳು. ರಾಯರು ಚೀಟಿ ನೋಡಿದರು. ಯಾರು ಬರೆದಿದ್ದರೋ ಪುಣ್ಯಾತ್ಮರು, ಅದರಲ್ಲಿ ಹೆಬ್ಬಾಳ ಕೆರೆ ಎಂದಿತ್ತು. "ತಪ್ಪು ಉತ್ತರ" ಎಂದರು ರಾಯರು. ಕೆಳಗೆ ಚಪ್ಪಲಿ ಟಪಟಪ ಟಪಟಪ. ಅಂದರೆ ಅವರಿಗೂ ಅನುಮಾನ ಇದೆ! ನನಗೆ ತಡೆಯಲಾಗಲಿಲ್ಲ. ದಡಕ್ಕನೆ ಎದ್ದೆ, ಹಲಗೆ ಬಡಿಯಿತು, ಆದರೂ ತಲೆ ಹೊರಗೆ ಹಾಕಿದೆ.

"ಸಾರ್, ಮೇಖ್ರಿ ಸರ್ಕಲ್ಲೇ ಸಾರ್! ನಾನ್ ಎಷ್ಟೋ ಸಲ ಬಸ್ಸಲ್ಲಿ ನೋಡ್ಕೊಂಡೇ ಓಗಿದೀನಿ ಸಾರ್!"

ಸಿಟ್ಟಿಗೋ ಗಾಬರಿಗೋ ಅಬ್ಬಿಗೆರೆಯ ಭಾಷೆ ಹಾಗೇ ಬಂದುಬಿಟ್ಟಿತ್ತು. ಹಾಲಿನಲ್ಲಿ ಕಿಸಕ್ಕೆಂದರು. ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಮೈಕಿನಲ್ಲೇ ಹೇಳಿದರು, "ಮುನಿರಾಜು, ನೀನು ಬಜರ್ ನೋಡ್ಕೊಳಪ್ಪ. ಉತ್ತರ ನಾನ್ ನೋಡ್ಕೋತೀನಿ."

ಇಡೀ ಹಾಲು ಗೊಳ್ಳೆಂದು ನಕ್ಕಿತು. ನಾನು ಮತ್ತೆ ಒಳಗೆ ಕೂತೆ. ಆ ಹುಡುಗಿಯ ಟೀಮು ಹತ್ತೇ ಅಂಕದಲ್ಲಿ ಸೋತಿತು. ತಲೆಯ ಬೋರೆ ಎರಡು ದಿನದಲ್ಲಿ ಇಳಿಯಿತು. ಆ ಮಾತಿನ ಉರಿ ಮಾತ್ರ, ಸುಳ್ಳೇಕೆ ಹೇಳಲಿ, ರಿಟೈರ್ ಆದ ಮೇಲೂ ಇಳಿಯಲಿಲ್ಲ. ಮೇಖ್ರಿ ಸರ್ಕಲ್ ದಾಟುವಾಗಲೆಲ್ಲ ಆ ಗೋಪುರ ಕಾಣಿಸುತ್ತಿತ್ತು, ನನ್ನ ಹೊಟ್ಟೆ ಉರಿಯುತ್ತಿತ್ತು.

ಇಷ್ಟರಲ್ಲಿ 'ಎದುರುಬದುರು' ಬರುತ್ತದೆ ಎಂದು ಟಿವಿಯಲ್ಲಿ ಹಾಕಿದರು. ಅದರಲ್ಲಿ ಅರವತ್ತು ದಾಟಿದವರಿಗೇ ಒಂದು ವಾರ ಮೀಸಲು. ನನ್ನ ಹೆಂಡತಿ ಗಿರಿಜಾ ನನ್ನನ್ನು ಕೇಳದೆಯೇ ಫೋನಿನಲ್ಲಿ ಅರ್ಜಿ ಹಾಕಿಬಿಟ್ಟಳು. "ಜೀವನ ಪೂರ್ತಿ ಕೆಳಗೇ ಕೂತಿದ್ರಿ. ಒಂದ್ ಸಲ ಮೇಲೆ ನಿಂತ್ಕೊಳ್ರೀ, ನಾನೂ ನೋಡ್ತೀನಿ" ಎಂದಳು. ಎರಡು ವಾರ ಮುಂಚೆಯೇ ಆಯ್ಕೆ ಸುತ್ತಿನ ಜೋಡಿಗಳ ಪಟ್ಟಿ ಬಂತು. ಇಬ್ಬರಲ್ಲಿ ಗೆದ್ದ ಒಬ್ಬರಿಗೆ ಮಾತ್ರ ಷೋಗೆ ಪ್ರವೇಶ. ನನ್ನ ಹೆಸರಿನ ಎದುರು ಇದ್ದ ಹೆಸರನ್ನು ಎರಡೆರಡು ಸಲ ಓದಿದೆ. ಅನಂತಪದ್ಮನಾಭ ರಾವ್, ಆರ್.ಟಿ. ನಗರ.

"ನಾನ್ ಓಗಲ್ಲ" ಎಂದೆ.

"ಹೋಗ್ಲೇಬೇಕು. ಆ ಗೋಪುರದ ಪುರಾಣ ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ನನ್ ಕಿವಿ ತೂತಾಗಿದೆ. ಗೆದ್ದು ಬಂದು ಅದನ್ನ ಮುಗಿಸ್ರೀ" ಎಂದಳು ಗಿರಿಜಾ.

ಷೋನ ನಿಯಮ ಸರಳ, ಆದರೆ ಕಿಲಾಡಿ. ಇಬ್ಬರು ಎದುರುಬದುರು ನಿಲ್ಲಬೇಕು, ಇಬ್ಬರಿಗೂ ಒಂದೊಂದು ಗುಂಡಿ. ಮೊದಲು ಒತ್ತಿದವರು ಉತ್ತರ ಹೇಳಬೇಕು. ಅದು ಸರಿಯೋ ತಪ್ಪೋ ನಡೆಸುವವರು ಆಗಲೇ ಹೇಳುವುದಿಲ್ಲ. ಎದುರಿನವರು ಐದು ಸೆಕೆಂಡಿನಲ್ಲಿ "ಒಪ್ಪಿದೆ" ಅಥವಾ "ಒಪ್ಪಲ್ಲ" ಎನ್ನಬೇಕು. ಒಪ್ಪಿದರೆ ಉತ್ತರ ತಪ್ಪಿದ್ದರೂ ಹೇಳಿದವರಿಗೆ ಒಂದು ಅಂಕ. ಒಪ್ಪದೆ ಇದ್ದು ಉತ್ತರ ತಪ್ಪಾಗಿದ್ದರೆ ಒಪ್ಪದವರಿಗೆ ಒಂದು. ಒಪ್ಪದೆ ಇದ್ದು ಉತ್ತರ ಸರಿಯಾಗಿದ್ದರೆ ಹೇಳಿದವರಿಗೆ ಎರಡು. ಮೊದಲು ಮೂರು ಅಂಕ ಮುಟ್ಟಿದವರು ಗೆದ್ದರು.

ಗಿರಿಜಾ ಇದನ್ನು ಓದಿ, ಸೊಪ್ಪು ಬಿಡಿಸುತ್ತಲೇ ತಂತ್ರ ಹೇಳಿದಳು. "ಇದು ಗೊತ್ತಿರೋರ ಆಟ ಅಲ್ಲ ಕಣ್ರೀ, ಮುಖ ಗಟ್ಟಿ ಇರೋರ ಆಟ. ನಿಮ್ ಬೆರಳಷ್ಟು ಫಾಸ್ಟ್ ಯಾರ್ದಿದೆ? ಮೊದಲು ಒತ್ತಿ. ಗೊತ್ತಿಲ್ದಿದ್ರೂ ಧೈರ್ಯವಾಗಿ ಏನಾದ್ರೂ ಒಂದು ಹೇಳಿ. ಅವ್ರು ಹೆದರ್ಕೊಂಡು ಒಪ್ಕೋತಾರೆ."

ತಂತ್ರವೇನೋ ಸರಿ, ನನ್ನ ಮುಖ ಸರಿಯಿಲ್ಲ. ಸುಳ್ಳು ಹೇಳಿದರೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತದೆ. ಹದಿನಾಲ್ಕು ದಿನ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದೆವು. ಎರಡು ಸ್ಟೀಲ್ ಡಬ್ಬಿಯ ಮುಚ್ಚಳವೇ ಬಜರು. ಅವಳು ಕೇಳುವಳು, ನಾನು ಢಣ್ ಎಂದು ಬಡಿದು ಸುಳ್ಳು ಹೇಳುವೆ, ಅವಳು ನನ್ನ ಮುಖ ನೋಡಿ "ಪೂರಿ!" ಎಂದು ಕೂಗುವಳು. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರು ನಾವು ದಿನಾ ಪೂರಿ ಮಾಡುತ್ತೇವೆಂದು ತಿಳಿದು ಒಂದು ಬೆಳಗ್ಗೆ ತಟ್ಟೆ ಹಿಡಿದು ಬಂದರು. ಅವತ್ತು ಉಪ್ಪಿಟ್ಟು ಇತ್ತು.

ನನ್ನದೇ ಇನ್ನೊಂದು ತಂತ್ರವಿತ್ತು, ಗಿರಿಜಾಗೂ ಹೇಳಿರಲಿಲ್ಲ. ಎದುರು ನಿಂತ ರಾಯರ ಚಪ್ಪಲಿ ನೋಡಿದರೆ ಸಾಕು. ಟಪಟಪ ಅಂದರೆ "ಒಪ್ಪಲ್ಲ". ಸುಮ್ಮನಿದ್ದರೆ "ಒಪ್ಪಿದೆ". ಲೋಕದಲ್ಲಿ ಇಂಥ ವಿದ್ಯೆ ಇನ್ಯಾರ ಹತ್ತಿರವೂ ಇಲ್ಲ ಎಂದು ಒಳಗೊಳಗೇ ಬೀಗಿದೆ.

ಆಯ್ಕೆ ನಡೆದದ್ದು ಕೋಗಿಲು ದಾಟಿದ ಮೇಲೆ ಒಂದು ದೊಡ್ಡ ಶೆಡ್ಡಿನಲ್ಲಿ. ರಾಯರು ಆಗಲೇ ಬಂದಿದ್ದರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಂತಿದ್ದರು, ಇಸ್ತ್ರಿ ಹಾಕಿದ ಅಂಗಿ.

"ಏನಯ್ಯ ಮುನಿರಾಜು, ಬಜರ್ ಕೆಟ್ಟಿದೆಯಾ?" ಎಂದರು.

"ಇಲ್ಲ ಸಾರ್. ನಿಮ್ ಎದುರು ನಿಲ್ಲೋನು ನಾನೇ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ "ಸಂತೋಷ" ಎಂದರು. ಆ ಸಂತೋಷ ಎಂಥದ್ದೆಂದು ಕಾಲು ನೋಡೋಣವೆಂದರೆ ನಡುವೆ ಟೇಬಲ್ಲು.

ನಂದಿನಿ ನಿಯಮ ಓದಿ ಹೇಳಿದಳು. ಕೊನೆಯಲ್ಲಿ, "ಬಾಯಿಂದ ಮೊದಲು ಬಂದ ಮಾತೇ ಲೆಕ್ಕಕ್ಕೆ, ಆಮೇಲೆ ಚೇಂಜ್ ಮಾಡೋ ಹಾಗಿಲ್ಲ" ಎಂದಳು. ರಾಯರು ಮೆಚ್ಚಿ ತಲೆಯಾಡಿಸಿದರು.

ಮೊದಲ ಪ್ರಶ್ನೆ, ಕ್ರಿಕೆಟ್ ಪಿಚ್ಚಿನ ಉದ್ದ ಎಷ್ಟು ಗಜ. ನನ್ನ ಬೆರಳು ನನಗಿಂತ ಮೊದಲೇ ಹೋಗಿ ಒತ್ತಿತ್ತು. "ಇಪ್ಪತ್ತೆರಡು" ಎಂದೆ. ರಾಯರು "ಒಪ್ಪಿದೆ" ಎಂದರು. ನನಗೆ ಒಂದು.

ಎರಡನೆಯದು, ತಲಕಾಡು ಯಾವ ಅರಸರ ರಾಜಧಾನಿಯಾಗಿತ್ತು. ಇತಿಹಾಸ! ರಾಯರು ಒತ್ತಿ "ಗಂಗರು" ಎಂದರು. ನನಗೆ ಗೊತ್ತಿಲ್ಲ. ಬೇಕೆಂದೇ ಜೇಬಿನ ಪೆನ್ನು ಬೀಳಿಸಿ ಬಗ್ಗಿದೆ. ಟೇಬಲ್ಲಿನ ಕೆಳಗೆ ನೋಡಿದರೆ ರಾಯರು ಬೂಟು ಹಾಕಿಕೊಂಡು ಬಂದಿದ್ದಾರೆ! ಲೇಸು ಬಿಗಿದ ಕರೀ ಬೂಟು, ಅಲ್ಲಾಡುತ್ತಿಲ್ಲ. ಮೂವತ್ತೊಂದು ವರ್ಷದ ವಿದ್ಯೆ ಮಣ್ಣುಪಾಲು. ಗಾಬರಿಯಲ್ಲಿ ಬಗ್ಗಿದಲ್ಲಿಂದಲೇ "ಒಪ್ಪಲ್ಲ" ಎಂದುಬಿಟ್ಟೆ. ಉತ್ತರ ಸರಿಯಾಗಿತ್ತು. ಏಳುವಾಗ ತಲೆಗೆ ಮತ್ತೆ ಹಲಗೆ ಬಡಿಯಿತು. ಅವರಿಗೆ ಎರಡು, ನನಗೆ ಒಂದು.

ಮೂರನೆಯದು, ಜಿರಾಫೆಯ ಕುತ್ತಿಗೆಯಲ್ಲಿ ಎಷ್ಟು ಮೂಳೆ. ಬೆರಳು ಒತ್ತಿತು. ಗಿರಿಜಾ ಹೇಳಿದ್ದು ನೆನಪಾಯಿತು, ಧೈರ್ಯವಾಗಿ ಏನಾದರೂ ಒಂದು. ಬಾಯಲ್ಲಿ ಇನ್ನೂ ಪಿಚ್ಚೇ ಇತ್ತು. "ಇಪ್ಪತ್ತೆರಡು" ಎಂದೆ. ಮುಖ ಉಬ್ಬಲು ಶುರುವಾದದ್ದು ನನಗೇ ಗೊತ್ತಾಗುತ್ತಿತ್ತು. ರಾಯರು ಕನ್ನಡಕದ ಮೇಲಿನಿಂದ ದಿಟ್ಟಿಸಿದರು. ಒಂದು, ಎರಡು, ಮೂರು ಸೆಕೆಂಡು. "ಒಪ್ಪಿದೆ" ಎಂದರು. ಸರಿಯಾದ ಉತ್ತರ ಏಳಂತೆ, ನಮಗೂ ಅಷ್ಟೇ ಅಂತೆ. ಅಂಕ ಮಾತ್ರ ನನಗೆ ಬಂತು. ಇಬ್ಬರಿಗೂ ಎರಡೆರಡು.

ಇನ್ನು ಒಂದೇ ಪ್ರಶ್ನೆ. ಇದನ್ನು ಗೆದ್ದವರು ಷೋಗೆ, ಸೋತವರು ಮನೆಗೆ. ಪಕ್ಕದ ಕುರ್ಚಿಯಲ್ಲಿ ಗಿರಿಜಾ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು. ನಾನು ಬೆರಳನ್ನು ಗುಂಡಿಯ ಹತ್ತಿರಕ್ಕೆ ಸರಿಸಿದೆ.

"ಚದುರಂಗದ ಮಣೆಯಲ್ಲಿ ಒಟ್ಟು ಎಷ್ಟು ಮನೆ?" ಎಂದಳು ನಂದಿನಿ.

ಅರವತ್ತನಾಲ್ಕು! ಮಗುವಿಗೂ ಗೊತ್ತು! ಬೆರಳು ಹೋಗಿ ಗುಂಡಿಗೆ ಬಡಿಯಿತು, ಬಜರು ಕೂಗಿತು, ಎಡಗಡೆ ನಿಂತಿದ್ದ ನನ್ನ ದೀಪ ಝಗ್ಗೆಂದಿತು. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಶೆಡ್ಡು ಹಾರಿಹೋಗುವ ಹಾಗೆ ಕೂಗಿದೆ.

"ಲೆಫ್ಟ್ ಓಕೆ!"

"ಒಪ್ಪಿದೆ" ಎಂದರು ರಾಯರು.

ಪಟ್ಟನೆ. ಒಂದು ಸೆಕೆಂಡೂ ಆಗಿರಲಿಲ್ಲ. ಆಮೇಲೆ ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಇಬ್ಬರ ಬಾಯೂ ತೆರೆದೇ ಇತ್ತು.

"ಅಂಕಲ್..." ಎಂದಳು ನಂದಿನಿ, "ಚದುರಂಗದ ಮಣೇಲಿ ಲೆಫ್ಟ್ ಓಕೆ ಮನೆ ಇದೆ ಅಂದ್ರಾ?"

"ಊಂನಮ್ಮ" ಎಂದೆ, ನೆಲ ನೋಡುತ್ತ.

"ಮತ್ತೆ ಸಾರ್, ನೀವು ಅದನ್ನ ಒಪ್ಪಿದ್ರಾ?"

ಕ್ಯಾಮೆರಾದ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಿರಿಜಾ ಮುಖ ಮುಚ್ಚಿಕೊಂಡಿದ್ದಳು. ರಾಯರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾಯಿ ತಪ್ಪಿತು, ಇನ್ನೊಂದು ಪ್ರಶ್ನೆ ಕೇಳಮ್ಮ ಎಂದು. ನಂದಿನಿಯೂ ಅದಕ್ಕೇ ಕಾಯುತ್ತಿದ್ದಳು. ರಾಯರು ಅಂಗಿಯ ತೋಳು ಸರಿಮಾಡಿಕೊಂಡರು.

"ಬಾಯಿಂದ ಮೊದಲು ಬಿದ್ದದ್ದೇ ಲೆಕ್ಕಕ್ಕೆ. ನಾನು ಒಪ್ಪಿದೆ ಅಂದೆ. ಅಂಕ ಮುನಿರಾಜುವಿನದು" ಎಂದರು.

ಹೀಗೆ ನಾನು ಗೆದ್ದೆ. ಗೆದ್ದೆ ಎನ್ನಲು ನಾಚಿಕೆಯಾಗುತ್ತದೆ, ಆದರೂ ಗೆದ್ದೆ. ಬರುವ ತಿಂಗಳು ಷೂಟಿಂಗು. ಹೊಸ ಮಕ್ಕಳೇ, ಅವತ್ತು ಬಜರ್ ಪರೀಕ್ಷೆ ಮಾಡುವಾಗ ನನ್ನ ಕಿವಿಗೆ ಬೀಳದ ಹಾಗೆ ದೂರದಲ್ಲಿ ಮಾಡಿ, ನಿಮ್ಮ ದಮ್ಮಯ್ಯ.

ವಾಪಸು ಬರುವಾಗ ಮೂವರೂ ಒಂದೇ ಬಸ್ಸು ಹತ್ತಿದೆವು. ಗಿರಿಜಾ ಮುಂದೆ ಹೆಂಗಸರ ಸೀಟಿಗೆ ಹೋದಳು. ರಾಯರ ಪಕ್ಕ ಕೂತು ನಾನು ಚಡಪಡಿಸುತ್ತಿದ್ದೆ. ಕೊನೆಗೆ ಒಪ್ಪಿಕೊಂಡೆ.

"ಸಾರ್, ಜಿರಾಫೆದು ನಂಗೆ ಗೊತ್ತಿರ್ಲಿಲ್ಲ. ಸುಮ್ನೆ ಬಾಯಿಗೆ ಬಂದಿದ್ದು ಏಳ್ಬಿಟ್ಟೆ."

"ನನಗೂ ಗೊತ್ತಿರಲಿಲ್ಲ ಕಣಯ್ಯ. ಆದರೆ ಹೇಳಿದವನು ನೀನು ಅಂತ ಒಪ್ಪಿದೆ. ಗೊತ್ತಿಲ್ಲದ ವಿಷಯಕ್ಕೆ ನೀನು ಬಾಯಿ ಹಾಕೋನಲ್ಲ. ಒಂದೇ ಸಲ ಹಾಕಿದ್ದೆ, ಅವತ್ತು ನಿನಗೆ ಗೊತ್ತಿತ್ತು."

ಹೆಬ್ಬಾಳ ದಾಟಿತು. ಗಂಗಾನಗರ ಬಂತು, ಅವರು ಇಳಿಯಬೇಕಾದ ಸ್ಟಾಪು. "ಸಾರ್, ನಿಮ್ದು ಬಂತು" ಎಂದೆ. ರಾಯರು ಏಳಲಿಲ್ಲ. ಬಸ್ಸು ಹೊರಟಿತು. ಮೇಖ್ರಿ ಸರ್ಕಲ್ ಹತ್ತಿರ ಬರುತ್ತಿದ್ದಂತೆ ಅವರು ಕಂಬಿ ಹಿಡಿದು ಎದ್ದು ನಿಂತರು. ಕಿಟಕಿಯಾಚೆ ಮರಗಳ ಸಂದಿಯಲ್ಲಿ ಗೋಪುರ ಕಾಣಿಸಿತು. ರಾಯರು ಅತ್ತ ಬೆರಳು ಮಾಡಿ, ಮೈಕಿನ ಮುಂದೆ ನಿಂತಾಗ ಬರುತ್ತಿದ್ದ ಅದೇ ಕಂಚಿನ ಕಂಠದಲ್ಲಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು:

"ಸರಿಯಾದ ಉತ್ತರ, ಮುನಿರಾಜು! ಹತ್ತು ಅಂಕ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರು "ಯಜಮಾನ್ರೇ, ಬ್ರೇಕ್ ಹಾಕಿದ್ರೆ ಬೀಳ್ತೀರ, ಕೂತ್ಕೊಳ್ಳಿ" ಎಂದ. ಮುಂದಿನ ಸೀಟಿನಲ್ಲಿ ಗಿರಿಜಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ರಾಯರು ಕೂರಲಿಲ್ಲ, ಬೆರಳನ್ನೂ ಇಳಿಸಲಿಲ್ಲ, ನನ್ನನ್ನೇ ನೋಡುತ್ತ ಕಾಯುತ್ತಿದ್ದರು.

"ಒಪ್ಪಿದೆ, ಸಾರ್" ಎಂದೆ.